ಗೂಡ್ಸ್ ಗಾಡಿಯ ಜಾಹೀರಾತು: ದುಡ್ಡು ಎಲ್ಲಿ ಸೋರುತ್ತಿದೆ?

(ಸ್ವಸಹಾಯ ಸಂಘಗಳ ಸದಸ್ಯೆಯರ ಮಾಹಿತಿ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತಿನ ವಿಷಯ ಕೇಳಿದ ಕೂಡಲೇ ಕೆಲವರಿಗೆ "ಇದು ನಮಗಲ್ಲ" ಅಂತ ಅನ್ನಿಸಬಹುದು. ಗೂಗಲ್‌ನಲ್ಲಿ ಜಾಹೀರಾತು ಕೊಡುವುದು ದೊಡ್ಡ ಕಂಪನಿಯವರ ಕೆಲಸ ಅಲ್ವಾ? ಈಗ ಹಾಗೇನೂ ಉಳಿದಿಲ್ಲ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ನಮ್ಮ ಊರು, ಪೇಟೆಗಳಲ್ಲಿ ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡು ಜೀವನ ಮಾಡುವ ಕುಟುಂಬಗಳು ಬಹಳ ಆದವು. ಸಂಘದ ಸಾಲ ಸೇರಿಸಿ ಗಾಡಿ ತೆಗೆದುಕೊಂಡವರೂ ಇದ್ದಾರೆ. ಗಂಡನೋ ಮಗನೋ ಗಾಡಿ ಓಡಿಸುತ್ತಾರೆ, ಫೋನ್ ತೆಗೆಯುವುದು, ಲೆಕ್ಕ ಇಡುವುದು, ಕಂತು ಕಟ್ಟುವುದು ನಮ್ಮ ಪಾಲಿಗೆ.

ಮೊದಲು ಗಾಡಿ ಸ್ಟ್ಯಾಂಡಿನಲ್ಲಿ ನಿಂತರೆ ಗಿರಾಕಿ ತಾನೇ ಹುಡುಕಿಕೊಂಡು ಬರುತ್ತಿದ್ದ. ಈಗ ಮನೆ ಬದಲಾಯಿಸುವವರು ಮೊಬೈಲ್ ತೆಗೆದು "ಶಿವಮೊಗ್ಗ ಗೂಡ್ಸ್ ಗಾಡಿ ಬಾಡಿಗೆ" ಅಂತ ಬರೆದು ಹುಡುಕುತ್ತಾರೆ. ಮೇಲ್ಗಡೆ ಯಾರ ಹೆಸರು ಬರುತ್ತದೋ ಅವರಿಗೆ ಫೋನ್ ಹೋಗುತ್ತದೆ. ಹಾಗಾಗಿ ಯಾರಾದರೂ ಬಂದು "ಅಕ್ಕಾ, ಗೂಗಲ್‌ನಲ್ಲಿ ಆಡ್ ಹಾಕಿಸಿ, ಫೋನ್ ಮೇಲೆ ಫೋನ್ ಬರ್ತದೆ" ಅಂದರೆ ನಾವು ಒಪ್ಪಿಕೊಳ್ಳುತ್ತೇವೆ. ಫೋನೂ ಬರುತ್ತದೆ, ದುಡ್ಡೂ ಹೋಗುತ್ತದೆ. ಆದರೆ "ಈ ದುಡ್ಡಿನಿಂದ ಎಷ್ಟು ಬಾಡಿಗೆ ಸಿಕ್ಕಿತು?" ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಆ ಉತ್ತರ ನಮ್ಮ ಹತ್ತಿರ ಇರಬೇಕು. ಯಾಕಂದರೆ ಜಾಹೀರಾತಿನಲ್ಲಿ ಸೋರಿದ ದುಡ್ಡು ಸಾಲದ ಕಂತಿನ ದುಡ್ಡು. ಸಾಲ ಇರುವುದು ಸಂಘದ ಹೆಸರಿನಲ್ಲಿ. ಒಬ್ಬರ ಕಂತು ತಪ್ಪಿದರೆ ಉಳಿದವರ ಮುಂದಿನ ಸಾಲಕ್ಕೂ ತೊಂದರೆ.

ದುಡ್ಡು ಯಾವಾಗ ಹೋಗುತ್ತದೆ?

ಗೂಗಲ್ ಈ ಜಾಹೀರಾತು ವ್ಯವಸ್ಥೆಯನ್ನು ಶುರು ಮಾಡಿದ್ದು 2000ದಲ್ಲಿ. ಆಗ ಅದರ ಹೆಸರು ಆಡ್‌ವರ್ಡ್ಸ್. 2018ರಿಂದ ಗೂಗಲ್ ಆಡ್ಸ್ ಅಂತ ಕರೆಯುತ್ತಾರೆ. ಹುಡುಕಾಟದ ಜಾಹೀರಾತು ಬರೀ ಕಣ್ಣಿಗೆ ಬಿದ್ದರೆ ಸಾಮಾನ್ಯವಾಗಿ ದುಡ್ಡಿಲ್ಲ. ಯಾರಾದರೂ ಅದನ್ನು ಒತ್ತಿದರೆ ದುಡ್ಡು. ಜಾಹೀರಾತಿನಲ್ಲಿರುವ ಫೋನ್ ಗುರುತನ್ನು ಒತ್ತಿದರೂ ಅದೇ ಲೆಕ್ಕ. ಒತ್ತಿದವರು ನಮ್ಮ ಗಿರಾಕಿಯೋ ಅಲ್ಲವೋ, ಬಾಡಿಗೆ ಆಯಿತೋ ಇಲ್ಲವೋ, ದುಡ್ಡು ಹೋಗಿಯೇ ಹೋಗುತ್ತದೆ.

ಒಂದು ಒತ್ತುವಿಕೆಗೆ ಎಷ್ಟು ಅಂತ ಮೊದಲೇ ಹೇಳಲಿಕ್ಕೆ ಆಗುವುದಿಲ್ಲ. ಪ್ರತಿ ಸಲ ಹುಡುಕಿದಾಗಲೂ ಒಳಗೆ ಒಂದು ಹರಾಜು ನಡೆಯುತ್ತದೆ. ಹೆಚ್ಚು ದುಡ್ಡು ಕೂಗಿದವರೇ ಗೆಲ್ಲಬೇಕು ಅಂತ ಏನಿಲ್ಲ. ಹುಡುಕಿದ ಮಾತಿಗೂ ನಮ್ಮ ಜಾಹೀರಾತಿಗೂ ಎಷ್ಟು ಹೊಂದಿಕೆ ಇದೆ ಎನ್ನುವುದನ್ನೂ ನೋಡುತ್ತಾರೆ. ಹೊಂದಿಕೆ ಚೆನ್ನಾಗಿದ್ದರೆ ಕಡಿಮೆ ದುಡ್ಡಿಗೇ ಜಾಗ ಸಿಗಬಹುದು.

ಇನ್ನೊಂದು ಮಾತು. ದಿನಕ್ಕೆ 200 ರೂಪಾಯಿ ಅಂತ ನಾವು ಇಟ್ಟರೆ ಒಂದೊಂದು ದಿನ 400 ರೂಪಾಯಿವರೆಗೂ ಹೋಗಬಹುದು. ಅದು ಅವರ ನಿಯಮ. ಮತ್ತೊಂದು ದಿನ ಕಡಿಮೆ ಮಾಡಿ ಸರಿದೂಗಿಸುತ್ತಾರೆ. ತಿಂಗಳಿಗೆ ಮಿತಿ ದಿನದ ಮೊತ್ತದ 30.4 ಪಟ್ಟು, ಅಂದರೆ 6,080 ರೂಪಾಯಿ. ಒಂದು ದಿನದ ಲೆಕ್ಕ ನೋಡಿ ಗಾಬರಿ ಆಗುವುದು ಬೇಡ, ತಿಂಗಳ ಲೆಕ್ಕ ನೋಡಬೇಕು.

ಒಂದು ಲೆಕ್ಕ ಮಾಡಿ ನೋಡೋಣ

ತಿಳಿದುಕೊಳ್ಳುವುದಕ್ಕಾಗಿ ಅಂದಾಜಿನ ಅಂಕಿ ಇಡುತ್ತೇನೆ. ನಿಮ್ಮ ನಿಮ್ಮ ಅಂಕಿ ಬೇರೆ ಇರುತ್ತದೆ.

ತಿಂಗಳಿಗೆ ಜಾಹೀರಾತು 6,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ 18 ಶೇಕಡಾ ಜಿಎಸ್‌ಟಿ, 1,080 ರೂಪಾಯಿ. ಒಟ್ಟು 7,080. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಗಾಡಿಯವರಿಗೆ ಆ ತೆರಿಗೆ ವಾಪಸು ಬರುವುದಿಲ್ಲ. ಒಂದು ಒತ್ತುವಿಕೆಗೆ 20 ರೂಪಾಯಿ ಆದರೆ 300 ಜನ ಒತ್ತಿದ ಹಾಗಾಯಿತು. ಅದರಲ್ಲಿ ಬಾಡಿಗೆ ಆಗಿದ್ದು 12. ಹಾಗಾದರೆ ಒಂದು ಬಾಡಿಗೆ ತರಲಿಕ್ಕೆ 590 ರೂಪಾಯಿ ಜಾಹೀರಾತಿಗೇ ಹೋಯಿತು. ಡೀಸೆಲ್, ಹಮಾಲಿ ಎಲ್ಲ ಕಳೆದು ಒಂದು ಬಾಡಿಗೆಯಲ್ಲಿ 700 ರೂಪಾಯಿ ಉಳಿದರೆ, ಮನೆಗೆ ಬಂದದ್ದು 110 ರೂಪಾಯಿ! ಗಾಡಿ ಓಡಿದ್ದು ಯಾರಿಗಾಗಿ?

ಈಗ ಆ 300 ಜನರಲ್ಲಿ ಅರ್ಧ ಜನ ಗಾಡಿ ಬಾಡಿಗೆಗೆ ಹುಡುಕುತ್ತಲೇ ಇರಲಿಲ್ಲ ಅಂತ ಗೊತ್ತಾಯಿತು ಅನ್ನಿ. ಅವರಿಗೆ ಜಾಹೀರಾತು ಕಾಣದ ಹಾಗೆ ಮಾಡಿದೆವು. ಖರ್ಚು 3,000, ತೆರಿಗೆ ಸೇರಿ 3,540. ಬಾಡಿಗೆ ಅದೇ 12. ಒಂದಕ್ಕೆ 295 ರೂಪಾಯಿ. ತಿಂಗಳಿಗೆ ಉಳಿದದ್ದು 3,540, ವರ್ಷಕ್ಕೆ 42,480. ಹನಿ ಹನಿ ಕೂಡಿದರೆ ಹಳ್ಳ ಅಂತ ಉಳಿತಾಯಕ್ಕೆ ಹೇಳುತ್ತೇವೆ. ಸೋರಿಕೆಗೂ ಅದೇ ಗಾದೆ.

ಬೇಡದವರು ಯಾಕೆ ಬರುತ್ತಾರೆ?

ನಾವು "ಟೆಂಪೋ", "ಬಾಡಿಗೆ", "ಟಾಟಾ ಏಸ್" ಅಂತ ಪದ ಕೊಟ್ಟಿರುತ್ತೇವೆ. ಆ ಪದಗಳಿಗೆ ಎಷ್ಟು ಅರ್ಥ ಇದೆ ನೋಡಿ.

"ಬಾಡಿಗೆ" ಅಂತ ಹುಡುಕುವವರಲ್ಲಿ ಬಾಡಿಗೆ ಮನೆ ಬೇಕಾದವರು ಬಹಳ ಜನ. "ಟೆಂಪೋ" ಅಂದರೆ ಧರ್ಮಸ್ಥಳಕ್ಕೋ ಜೋಗಕ್ಕೋ ಹೋಗಲಿಕ್ಕೆ ಟೆಂಪೋ ಟ್ರಾವೆಲರ್ ಬೇಕಾದವರೂ ಇದ್ದಾರೆ. ಹಾಡಿನ ವೇಗಕ್ಕೂ ಟೆಂಪೋ ಅಂತಾರೆ! "ಟಾಟಾ ಏಸ್" ಅಂತ ಹುಡುಕುವವರು ಹೊಸ ಗಾಡಿಯ ಬೆಲೆ, ಮೈಲೇಜು, ಸೆಕೆಂಡ್ ಹ್ಯಾಂಡ್ ಗಾಡಿ, ಲೋನು, ಬಿಡಿಭಾಗ ಹುಡುಕುತ್ತಿರಬಹುದು. ಡ್ರೈವರ್ ಕೆಲಸ ಹುಡುಕುವ ಹುಡುಗರೂ ಇರುತ್ತಾರೆ. ಇವರ್ಯಾರದ್ದೂ ತಪ್ಪಲ್ಲ. ಅವರಿಗೆ ನಮ್ಮ ಜಾಹೀರಾತು ತೋರಿಸಿದ್ದೇ ತಪ್ಪು.

ಇದಕ್ಕೆ ಕಾರಣ ಪದ ಕೊಡುವ ರೀತಿ. ಮೂರು ರೀತಿ ಇದೆ, ಮೂರನ್ನೂ ನೆನಪಿಟ್ಟುಕೊಳ್ಳಿ.

1. ಪದವನ್ನು ಸುಮ್ಮನೆ ಬರೆದರೆ ಬ್ರಾಡ್ ಮ್ಯಾಚ್. ಸಂಬಂಧ ಇದೆ ಅಂತ ಗೂಗಲ್‌ಗೆ ಅನ್ನಿಸಿದ ಎಲ್ಲ ಹುಡುಕಾಟಕ್ಕೂ ಜಾಹೀರಾತು ಹೋಗುತ್ತದೆ. ಸೋರಿಕೆ ಹೆಚ್ಚು.

2. ಉದ್ಧರಣ ಚಿಹ್ನೆಯೊಳಗೆ ಬರೆದರೆ ಫ್ರೇಸ್ ಮ್ಯಾಚ್. "ಗೂಡ್ಸ್ ಗಾಡಿ ಬಾಡಿಗೆ" ಎನ್ನುವ ಅರ್ಥ ಹುಡುಕಾಟದಲ್ಲಿ ಇರಬೇಕು. ಹಿಂದೆ ಮುಂದೆ ಬೇರೆ ಮಾತು ಇರಬಹುದು.

3. ಚೌಕ ಆವರಣದೊಳಗೆ ಬರೆದರೆ ಎಕ್ಸಾಕ್ಟ್ ಮ್ಯಾಚ್. ಅದೇ ಮಾತು, ಇಲ್ಲವೇ ಅದೇ ಅರ್ಥದ ಮಾತು ಮಾತ್ರ.

ಸಣ್ಣ ಪೇಟೆಯಲ್ಲಿ ಹುಡುಕುವವರೇ ಕಡಿಮೆ. ಪೂರಾ ಚೌಕ ಆವರಣ ಹಾಕಿದರೆ ಜಾಹೀರಾತು ಯಾರಿಗೂ ಕಾಣದೆ ಹೋಗಬಹುದು. ಹಾಗಾಗಿ ಎರಡನೆಯದರಿಂದ ಶುರು ಮಾಡುವುದು ಒಳ್ಳೆಯದು. ಒಂಟಿ ಪದ ಕೊಡಬೇಡಿ. ಬರೀ "ಟೆಂಪೋ" ಬೇಡ, "ಸಾಮಾನು ಸಾಗಿಸಲು ಟೆಂಪೋ" ಅಂತ ಕೊಡಿ. ಊರಿನ ಹೆಸರನ್ನು ಎರಡು ರೀತಿಯಲ್ಲೂ ಕೊಡಿ. 2014ರ ನವೆಂಬರ್ 1ರಿಂದ ಶಿವಮೊಗ್ಗ ಅಂತ ಅಧಿಕೃತವಾಗಿ ಆಗಿದ್ದರೂ ಶಿಮೊಗಾ ಅಂತ ಬರೆದು ಹುಡುಕುವವರು ಇನ್ನೂ ಇದ್ದಾರೆ. ಮೈಸೂರು, ಬೆಳಗಾವಿ, ಬಳ್ಳಾರಿಗೂ ಇದೇ ಮಾತು.

ವಾರಕ್ಕೊಮ್ಮೆ ನೋಡಬೇಕಾದ ಪಟ್ಟಿ

ನಮ್ಮ ಖಾತೆಯೊಳಗೆ ಸರ್ಚ್ ಟರ್ಮ್ಸ್ ಎನ್ನುವ ವರದಿ ಇರುತ್ತದೆ. ಜನ ಏನು ಬರೆದು ಹುಡುಕಿದಾಗ ನಮ್ಮ ಜಾಹೀರಾತು ಬಂತು, ಎಷ್ಟು ಜನ ಒತ್ತಿದರು, ಎಷ್ಟು ದುಡ್ಡು ಹೋಯಿತು ಎನ್ನುವುದೆಲ್ಲ ಅದರಲ್ಲಿದೆ. ಇವತ್ತು ನೀವು ಒಂದೇ ಒಂದು ವಿಷಯ ಮನೆಗೆ ತೆಗೆದುಕೊಂಡು ಹೋಗುವುದಾದರೆ ಇದನ್ನೇ ತೆಗೆದುಕೊಂಡು ಹೋಗಿ. ವಾರದ ಉಳಿತಾಯ ಪುಸ್ತಕ ನೋಡಿದ ಹಾಗೆ ಈ ವರದಿ ನೋಡಬೇಕು. ಎಲ್ಲ ಹುಡುಕಾಟವೂ ಅದರಲ್ಲಿ ಕಾಣುವುದಿಲ್ಲ. 2020ರಿಂದ ತೀರಾ ಕಡಿಮೆ ಜನ ಬರೆದ ಮಾತುಗಳನ್ನು ಅವರು ತೋರಿಸುವುದಿಲ್ಲ. ಕಂಡಷ್ಟರಲ್ಲೇ ಕಲಿಯಬೇಕಾದದ್ದು ಸಾಕಷ್ಟಿದೆ.

ವರದಿಯಲ್ಲಿ ಬೇಡದ ಮಾತು ಕಂಡರೆ ಅದನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿ. ಅಂದರೆ "ಈ ಮಾತು ಇದ್ದರೆ ನಮ್ಮ ಜಾಹೀರಾತು ತೋರಿಸಬೇಡಿ" ಅಂತ ಹೇಳಿದ ಹಾಗೆ. ಶುರುವಿಗೆ ಈ ಪದಗಳನ್ನು ಹಾಕಿಕೊಳ್ಳಬಹುದು: ಶೋರೂಂ, ಮೈಲೇಜ್, ಸೆಕೆಂಡ್ ಹ್ಯಾಂಡ್, ಮಾರಾಟ, ಲೋನ್, ಇಎಂಐ, ಸ್ಪೇರ್ ಪಾರ್ಟ್ಸ್, ಡ್ರೈವರ್ ಕೆಲಸ, ಟ್ರಾವೆಲರ್, ಪ್ರವಾಸ, ಬಾಡಿಗೆ ಮನೆ, ಪಿಜಿ, ಫೋಟೋ, ಆಟ.

ಇಲ್ಲಿ ಮೂರು ಎಚ್ಚರಿಕೆ.

ಒಂದು, ಬೇಕಾದ ಪದಕ್ಕೆ ಗೂಗಲ್ ತಾನೇ ಹತ್ತಿರದ ಅರ್ಥ ಹುಡುಕುತ್ತದೆ. ಬೇಡದ ಪದಕ್ಕೆ ಹಾಗೆ ಮಾಡುವುದಿಲ್ಲ. "ಕೆಲಸ" ಅಂತ ಹಾಕಿದರೆ "ಉದ್ಯೋಗ" ನಿಲ್ಲುವುದಿಲ್ಲ. ಎರಡನ್ನೂ ಹಾಕಬೇಕು. ಕನ್ನಡ ಅಕ್ಷರದಲ್ಲೂ ಹಾಕಬೇಕು, ಇಂಗ್ಲಿಷ್ ಅಕ್ಷರದಲ್ಲೂ ಹಾಕಬೇಕು. ನಮ್ಮ ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕುತ್ತಾರೆ, ನಿಮಗೆ ಗೊತ್ತಿದ್ದದ್ದೇ.

ಎರಡು, ಗಿರಾಕಿಯನ್ನೇ ಓಡಿಸುವ ಪದ ಹಾಕಬೇಡಿ. "ರೇಟ್" ಅಂತ ಹಾಕಿದರೆ ಹೊಸ ಗಾಡಿಯ ರೇಟ್ ಕೇಳುವವರು ನಿಲ್ಲುತ್ತಾರೆ ನಿಜ. ಆದರೆ "ಗೂಡ್ಸ್ ಗಾಡಿ ಬಾಡಿಗೆ ರೇಟ್" ಅಂತ ಕೇಳುವವರೂ ನಿಲ್ಲುತ್ತಾರೆ. ಅವರು ನಮ್ಮ ಒಳ್ಳೆಯ ಗಿರಾಕಿಗಳು. ಹಾಗೆಯೇ "ಮನೆ" ಅಂತ ಒಂದೇ ಪದ ಹಾಕಿದರೆ ಮನೆ ಶಿಫ್ಟಿಂಗ್‌ನವರೂ ಹೋದರು.

ಮೂರು, ಗಾಡಿಗೆ ತಕ್ಕ ಹಾಗೆ ಪಟ್ಟಿ ಮಾಡಿ. ನಮ್ಮ ಗಾಡಿ ಊರು ದಾಟಿ ಹೋಗುವುದಿಲ್ಲ ಅಂತಾದರೆ "ಬೆಂಗಳೂರಿಗೆ ಲಾರಿ" ಅಂತ ಹುಡುಕುವವರು ನಮಗೆ ಬೇಡ. ಹೋಗುವುದಾದರೆ ಅವರೇ ಬೇಕು. ಬೇರೆಯವರ ಪಟ್ಟಿ ತಂದು ಹಾಗೇ ಅಂಟಿಸಿದರೆ ಆಗುವುದಿಲ್ಲ.

ಎಲ್ಲಿ ತೋರಿಸಬೇಕು, ಯಾವಾಗ ತೋರಿಸಬೇಕು?

ನಮ್ಮ ಗಾಡಿ ಇರುವ ಜಾಗದ ಸುತ್ತ ಇಷ್ಟು ಕಿಲೋಮೀಟರ್ ಅಂತ ಹಾಕಬಹುದು. ಶಿವಮೊಗ್ಗದಲ್ಲಿ 25 ಕಿಲೋಮೀಟರ್ ಹಾಕಿದರೆ ಭದ್ರಾವತಿಯೂ ಸೇರುತ್ತದೆ. ತೀರ್ಥಹಳ್ಳಿ, ಸಾಗರ ದೂರ. ಅಲ್ಲಿಗೆ ಖಾಲಿ ಗಾಡಿ ಹೋಗಿ ಲೋಡ್ ತರುವುದು ಗಿಟ್ಟುತ್ತದೋ ಇಲ್ಲವೋ ನೀವೇ ಲೆಕ್ಕ ಹಾಕಿ.

ಆದರೆ ಇಷ್ಟು ಮಾಡಿದರೂ ಸೋರಿಕೆ ನಿಲ್ಲದಿರಬಹುದು. ಸ್ಥಳದ ಆಯ್ಕೆಯಲ್ಲಿ ಇನ್ನೊಂದು ಸಾಲು ಇರುತ್ತದೆ. "ಈ ಜಾಗದಲ್ಲಿ ಇರುವವರು" ಅಂತ ಒಂದು, "ಇರುವವರು ಅಥವಾ ಈ ಜಾಗದ ಬಗ್ಗೆ ಆಸಕ್ತಿ ತೋರಿದವರು" ಅಂತ ಇನ್ನೊಂದು. ನಾವು ಮುಟ್ಟದೆ ಬಿಟ್ಟರೆ ಎರಡನೆಯದೇ ಇರುತ್ತದೆ. ಆಗ ಎಲ್ಲೋ ಕುಳಿತು ನಮ್ಮ ಊರಿನ ವಿಷಯ ಹುಡುಕಿದವರಿಗೂ ಜಾಹೀರಾತು ಹೋಗುತ್ತದೆ. ಬೆಂಗಳೂರಿನಲ್ಲಿರುವ ಮಗಳು ಊರಿನಲ್ಲಿರುವ ತಾಯಿಯ ಸಾಮಾನು ಸಾಗಿಸಲು ಹುಡುಕಬಹುದು, ಅಂಥವರು ಒಬ್ಬಿಬ್ಬರು ತಪ್ಪಿಹೋಗಬಹುದು. ಆದರೂ ಕಡಿಮೆ ದುಡ್ಡಿನವರು ಮೊದಲನೆಯದನ್ನೇ ಆರಿಸುವುದು ಕ್ಷೇಮ.

ಜಾಹೀರಾತನ್ನು ಹುಡುಕಾಟದಲ್ಲಿ ಮಾತ್ರ ತೋರಿಸಿ. ಡಿಸ್‌ಪ್ಲೇ ನೆಟ್‌ವರ್ಕ್, ಸರ್ಚ್ ಪಾರ್ಟ್‌ನರ್ಸ್ ಅಂತ ಟಿಕ್ ಗುರುತು ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಮಗು ಮೊಬೈಲ್‌ನಲ್ಲಿ ಆಟ ಆಡುವಾಗ ಬಂದ ಜಾಹೀರಾತನ್ನು ಒತ್ತಿದರೂ ನಮ್ಮ ದುಡ್ಡೇ.

ಸಮಯಕ್ಕೂ ಮಿತಿ ಹಾಕಬಹುದು. ಫೋನ್ ತೆಗೆಯುವವರು ಇರುವ ಹೊತ್ತಿನಲ್ಲಿ ಮಾತ್ರ ಜಾಹೀರಾತು ಇರಲಿ. ರಾತ್ರಿ ಹನ್ನೊಂದಕ್ಕೆ ಬಂದ ಫೋನನ್ನು ಯಾರೂ ತೆಗೆಯದಿದ್ದರೆ ಗಿರಾಕಿ ಇನ್ನೊಬ್ಬರಿಗೆ ಮಾಡುತ್ತಾನೆ, ದುಡ್ಡು ಮಾತ್ರ ನಮ್ಮದು ಹೋಯಿತು. ಭಾನುವಾರ ಗಾಡಿ ತೆಗೆಯದಿದ್ದರೆ ಭಾನುವಾರ ಜಾಹೀರಾತೂ ಬೇಡ. ಗಾಡಿ ಗ್ಯಾರೇಜಿನಲ್ಲಿ ಇದ್ದರೆ ಅವತ್ತು ನಿಲ್ಲಿಸಿಬಿಡಿ.

ಜಾಹೀರಾತಿನ ಮಾತು ನೇರವಾಗಿರಲಿ

"ಎಲ್ಲ ರೀತಿಯ ಸಾಗಾಣಿಕೆ, ಅತಿ ಕಡಿಮೆ ದರ" ಅಂತ ಬರೆದರೆ ಎಲ್ಲರೂ ಒತ್ತುತ್ತಾರೆ. ನಮ್ಮ ಗಾಡಿಗೆ ಹಿಡಿಸುವುದು ಮುಕ್ಕಾಲು ಟನ್ ಅಂದರೆ ಅದನ್ನೇ ಬರೆಯಿರಿ. ಹತ್ತು ಟನ್ ಜಲ್ಲಿ ತರಿಸುವವರು ಒತ್ತುವುದಿಲ್ಲ. ಕನಿಷ್ಠ ಬಾಡಿಗೆ ಇಷ್ಟು ಅಂತ ಬರೆದರೆ ಬರೀ ಚೌಕಾಸಿ ಮಾಡುವವರು ದೂರ ಇರುತ್ತಾರೆ. "ಮನೆ ಸಾಮಾನು, ಅಂಗಡಿ ಸಾಮಾನು, ಅಡಿಕೆ ಮೂಟೆ. ಬೆಳಿಗ್ಗೆ 6ರಿಂದ ಸಂಜೆ 7. ಶಿವಮೊಗ್ಗ, ಭದ್ರಾವತಿ ಮಾತ್ರ." ಇಷ್ಟು ಸಾಕು. ಫೋನ್ ಕಡಿಮೆ ಬರಬಹುದು. ಬಂದ ಫೋನು ಬಾಡಿಗೆ ಆಗುತ್ತದೆ.

ಖಾತೆ ಯಾರ ಹೆಸರಿನಲ್ಲಿದೆ?

ಇದು ಬಹಳ ಮುಖ್ಯ, ಗಮನ ಇಟ್ಟು ಕೇಳಿ. ಜಾಹೀರಾತು ಹಾಕಿಕೊಡುವವರು ಕೆಲವು ಕಡೆ ತಮ್ಮದೇ ಖಾತೆಯಲ್ಲಿ ಹಾಕಿ, ನಮ್ಮಿಂದ ತಿಂಗಳಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. ಗೂಗಲ್‌ಗೆ ಹೋದದ್ದು ಎಷ್ಟು, ಅವರ ಕೂಲಿ ಎಷ್ಟು ಅಂತ ನಮಗೆ ಗೊತ್ತಾಗುವುದಿಲ್ಲ. ಅವರನ್ನು ಬಿಟ್ಟರೆ ಅಷ್ಟು ದಿನದ ಮಾಹಿತಿಯೂ ಹೋಯಿತು. ಸಂಘದ ಪಾಸ್ ಪುಸ್ತಕವನ್ನು ಹೊರಗಿನವರ ಕೈಯಲ್ಲಿ ಬಿಡುತ್ತೇವೆಯೇ?

ಖಾತೆ ನಮ್ಮ ಇಮೇಲ್‌ನಲ್ಲಿ ಇರಬೇಕು. ಕೆಲಸ ಮಾಡಿಕೊಡುವವರನ್ನು ಆ ಖಾತೆಗೆ ಆಹ್ವಾನಿಸಿ ಸೇರಿಸಿಕೊಳ್ಳುವ ವ್ಯವಸ್ಥೆ ಇದೆ, ಬೇಡವಾದಾಗ ತೆಗೆಯಬಹುದು. ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ಗೂಗಲ್‌ಗೆ ಕಟ್ಟಿದ ರಸೀದಿ ಬೇರೆ, ಅವರ ಕೂಲಿಯ ರಸೀದಿ ಬೇರೆ ಕೇಳಿ. ಮುಂಗಡವಾಗಿ ದುಡ್ಡು ತುಂಬಿಸುವ ವಿಧಾನ ಸಿಕ್ಕಿದರೆ ಅದನ್ನೇ ಆರಿಸಿ. ತುಂಬಿಸಿದಷ್ಟು ಖರ್ಚಾದ ಮೇಲೆ ಜಾಹೀರಾತು ನಿಲ್ಲುತ್ತದೆ.

ಖಾತೆಯಲ್ಲಿ "ಬಜೆಟ್ ಹೆಚ್ಚಿಸಿ", "ಈ ಪದಗಳನ್ನು ಸೇರಿಸಿ" ಅಂತ ಸಲಹೆಗಳು ಬರುತ್ತಲೇ ಇರುತ್ತವೆ. ಜೊತೆಗೆ ನೂರಕ್ಕೆ ಇಷ್ಟು ಅಂಕ ಅಂತಲೂ ತೋರಿಸುತ್ತಾರೆ. ಅದು ನಮ್ಮ ಸಂಪಾದನೆಯ ಅಂಕವಲ್ಲ. ಸಲಹೆಯನ್ನು ಓದಿ, ಯೋಚಿಸಿ, ಬೇಕಾದರೆ ಮಾತ್ರ ಒಪ್ಪಿ. ಸಲಹೆ ತಾನಾಗಿಯೇ ಜಾರಿಯಾಗುವ ಆಟೋ ಅಪ್ಲೈ ಇದ್ದರೆ ಅದನ್ನು ನಿಲ್ಲಿಸಿ.

ಮನೆಯವರು, ಸ್ನೇಹಿತರು "ನಿಮ್ಮ ಆಡ್ ಬರ್ತದಾ ನೋಡೋಣ" ಅಂತ ಪದೇ ಪದೇ ಹುಡುಕಿ ಒತ್ತುವುದು ಬೇಡ. ನೋಡಲೇಬೇಕು ಅಂದರೆ ಖಾತೆಯಲ್ಲೇ ಮುನ್ನೋಟ ನೋಡುವ ಸೌಲಭ್ಯ ಇದೆ, ಅದಕ್ಕೆ ದುಡ್ಡಿಲ್ಲ.

ಪುಕ್ಕಟೆ ಇರುವುದನ್ನು ಮೊದಲು ಮಾಡಿ

ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಇದೆ. ನಕ್ಷೆಯಲ್ಲಿ ನಮ್ಮ ವ್ಯಾಪಾರದ ಹೆಸರು, ಫೋನು, ಸಮಯ ಕಾಣುತ್ತದೆ. ಇದಕ್ಕೆ ಒಂದು ಪೈಸೆಯೂ ಇಲ್ಲ. "ಗೂಗಲ್‌ನಿಂದ ಮಾತಾಡ್ತಿದ್ದೇವೆ, ನಿಮ್ಮ ಹೆಸರು ಉಳಿಯಬೇಕಾದರೆ ದುಡ್ಡು ಕಟ್ಟಿ" ಅಂತ ಫೋನ್ ಬಂದರೆ ನಂಬಬೇಡಿ. ಅಂಗಡಿ ಇಲ್ಲದವರು ಮನೆ ವಿಳಾಸ ಮರೆಮಾಡಿ, ಸೇವೆ ಕೊಡುವ ಪ್ರದೇಶ ಮಾತ್ರ ತೋರಿಸಬಹುದು. ಹೆಣ್ಣುಮಕ್ಕಳೇ ಮನೆಯಲ್ಲಿರುವಾಗ ಇದು ಒಳ್ಳೆಯದು. ಕೆಲಸ ಮುಗಿದ ಮೇಲೆ ಗಿರಾಕಿಗೆ "ಎರಡು ಮಾತು ಬರೀರಿ" ಅಂತ ಕೇಳಿ. ದುಡ್ಡು, ರಿಯಾಯಿತಿ ಕೊಟ್ಟು ಬರೆಸುವುದು ನಿಯಮಕ್ಕೆ ವಿರುದ್ಧ. ಇಷ್ಟು ಸರಿಯಾಗಿ ಮಾಡಿದ ಮೇಲೂ ಗಾಡಿ ಖಾಲಿ ನಿಂತರೆ ಆಗ ಜಾಹೀರಾತಿನ ಯೋಚನೆ ಮಾಡಿ. ಗಾಡಿಗೆ ದಿನಾ ಕೆಲಸ ಇದ್ದರೆ ಜಾಹೀರಾತು ಯಾಕೆ ಬೇಕು?

ಒಂದು ನೋಟ್ ಪುಸ್ತಕ

ಕೊನೆಯದಾಗಿ, ಫೋನ್ ಹತ್ತಿರ ಒಂದು ನೋಟ್ ಪುಸ್ತಕ ಇಡಿ. ಐದು ಕಲಂ ಸಾಕು: ತಾರೀಕು, ಏನು ಕೇಳಿದರು, ನಮ್ಮ ನಂಬರು ಎಲ್ಲಿ ಸಿಕ್ಕಿತು, ಬಾಡಿಗೆ ಆಯಿತೇ, ಎಷ್ಟು ದುಡ್ಡು. "ನಮ್ಮ ನಂಬರ್ ಎಲ್ಲಿ ಸಿಕ್ತು ಸಾರ್?" ಅಂತ ಕೇಳಲು ಅರ್ಧ ನಿಮಿಷ. ಇಷ್ಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಾತಾಡಿದ ಫೋನನ್ನು ಲೆಕ್ಕಕ್ಕೆ ಹಿಡಿಯುವ ವ್ಯವಸ್ಥೆ ಖಾತೆಯಲ್ಲೂ ಇದೆ, ಅದನ್ನೂ ಹಾಕಿಸಿಕೊಳ್ಳಿ. ಆದರೆ ಬಾಡಿಗೆ ಆಯಿತೋ ಇಲ್ಲವೋ ಅಂತ ಹೇಳುವುದು ನಿಮ್ಮ ಪುಸ್ತಕವೇ. ತಿಂಗಳ ಕೊನೆಗೆ ಜಾಹೀರಾತಿನ ಒಟ್ಟು ಖರ್ಚನ್ನು, ಜಾಹೀರಾತಿನಿಂದ ಬಂದ ಬಾಡಿಗೆಗಳ ಸಂಖ್ಯೆಯಿಂದ ಭಾಗಿಸಿ. ಒಂದು ಬಾಡಿಗೆಯಲ್ಲಿ ಉಳಿಯುವ ದುಡ್ಡಿನ ಜೊತೆ ಹೋಲಿಸಿ. ಗಿಟ್ಟದಿದ್ದರೆ ಸರಿಪಡಿಸಿ. ಎರಡು ತಿಂಗಳು ಸರಿಪಡಿಸಿಯೂ ಗಿಟ್ಟದಿದ್ದರೆ ನಿಲ್ಲಿಸಿ. ನಿಲ್ಲಿಸುವುದರಲ್ಲಿ ನಾಚಿಕೆ ಇಲ್ಲ.

ಸಹೋದರಿಯರೇ, ಕಂಪ್ಯೂಟರ್ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಖಾತೆ ತೆರೆದು ತೋರಿಸಲು ಮನೆಯ ಓದಿದ ಮಕ್ಕಳ ಸಹಾಯ ತೆಗೆದುಕೊಳ್ಳಿ. ಯಾವ ಮಾತು ನಮ್ಮ ಗಿರಾಕಿಯದ್ದು, ಯಾವುದು ಅಲ್ಲ ಅಂತ ಹೇಳಲು ಇಂಗ್ಲಿಷ್ ಬೇಕಿಲ್ಲ. ದಿನಾ ಫೋನ್ ತೆಗೆಯುವ ನಿಮಗಿಂತ ಚೆನ್ನಾಗಿ ಅದು ಯಾರಿಗೂ ಗೊತ್ತಿಲ್ಲ. ಗಾಡಿ ಇರುವ ಸದಸ್ಯೆಯರು ಮುಂದಿನ ವಾರದ ಸಭೆಗೆ ಆ ಹುಡುಕಾಟದ ವರದಿಯನ್ನು ತನ್ನಿ. ಎಲ್ಲರೂ ಕೂತು ಓದಿ, ಬೇಡದ ಪದಗಳಿಗೆ ಗೆರೆ ಎಳೆಯಿರಿ, ಉಳಿದ ದುಡ್ಡು ಎಷ್ಟು ಅಂತ ನಡಾವಳಿ ಪುಸ್ತಕದಲ್ಲಿ ಬರೆದಿಡಿ.